ಪ್ಲೇಗಿನ ಸೂಜಿ: ಮುಂಬಯಿಯಿಂದ ಹುಬ್ಬಳ್ಳಿಗೆ

ಹೋದ ತಿಂಗಳ ಒಂದು ಶನಿವಾರ ಮಧ್ಯಾಹ್ನ ಫೋರ್ಟಿನ ಟೌನ್ ಹಾಲಿನ ಮೆಟ್ಟಿಲುಗಳ ಮೇಲೆ ನಮ್ಮ ತಂಗಿಯ ಮಗ ನಮಗಾಗಿ ಕಾದು ಕುಳಿತಿದ್ದ. ಅಲ್ಲೇ ಹತ್ತಿರದ ಕಚೇರಿಯೊಂದರಲ್ಲಿ ಅವನಿಗೆ ಕೆಲಸ. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಜೇಬಿನಿಂದ ಕಿರುಬೆರಳಿನಷ್ಟು ಉದ್ದದ ಗಾಜಿನ ಸೀಸೆಯೊಂದನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟ. ಒಳಗೆ ಚಿಟಿಕೆಯಷ್ಟು ಬಿಳಿಯ ಹುಡಿ.

"ಮಾವ, ಇದು ಹೊರಗಿನ ಔಷಧವಲ್ಲ. ನಮ್ಮ ಮೈಯೇ ತಯಾರಿಸಿಕೊಳ್ಳುವ ವಸ್ತು. ಕ್ರಿಮಿಗಳನ್ನು ಕೊಲ್ಲುತ್ತದೆ, ಗಾಯ ಮಾಯಿಸುತ್ತದೆ ಎನ್ನುತ್ತಾರೆ. ಅಮ್ಮನ ಕಾಲಿನ ಹುಣ್ಣಿಗೆ ಸೂಜಿ ಹಾಕಿಸಿ ನೋಡೋಣವೇ? ಮೈಯೊಳಗೇ ಇರುವಂಥದ್ದು ಮೈಗೆ ಕೇಡು ಮಾಡೀತೇ?"

ತಂಗಿಗೆ ಸಕ್ಕರೆ ಕಾಯಿಲೆ. ಆರು ತಿಂಗಳಿಂದ ಪಾದದ ಹುಣ್ಣು ಮಾಗದೆ ನರಳುತ್ತಿದ್ದಾಳೆ. ಮಗನ ಆತುರ ನಮಗೆ ಅರ್ಥವಾಗದೆ ಇರಲಿಲ್ಲ. ಸೀಸೆಯ ಮೇಲೆ 'ಎಲ್‌ಎಲ್-37' ಎಂದು ಬರೆದಿತ್ತು. ತಯಾರಿಸಿದವರ ವಿಳಾಸ ಇರಲಿಲ್ಲ. ನಾವು ವೈದ್ಯರಲ್ಲ, ಹಳೆಯ ಕಾಗದಪತ್ರಗಳನ್ನು ಓದುವ ಹವ್ಯಾಸವುಳ್ಳವರು ಅಷ್ಟೆ. ಆದರೂ ಆ ಮೆಟ್ಟಿಲುಗಳ ಮೇಲೆ ಕುಳಿತಿದ್ದಾಗ ನಮಗೆ ಅನ್ನಿಸಿದ್ದು ಇದು: 'ಈ ಮದ್ದು ನಿಜವಾಗಿ ಕೆಲಸ ಮಾಡುತ್ತದೆಯೇ, ಕೇಡು ಮಾಡದೆ ಇರುತ್ತದೆಯೇ, ಅದನ್ನು ತಿಳಿಯುವುದು ಹೇಗೆ?' ಎಂಬ ಇದೇ ಪ್ರಶ್ನೆಯನ್ನು ನಮ್ಮ ಈ ಮುಂಬಯಿ ನಗರ ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಕೇಳಿತ್ತು. ಉತ್ತರದ ಒಂದು ಭಾಗ ಬೈಕಲಾದ ಸೆರೆಮನೆಯಲ್ಲಿ ಸಿಕ್ಕಿತು, ಒಂದು ಭಾಗ ನಮ್ಮ ಹುಬ್ಬಳ್ಳಿಯಲ್ಲಿ. ಅದಕ್ಕೆ ತೆತ್ತ ಬೆಲೆಯ ಲೆಕ್ಕವನ್ನು ತೆಗೆಯಲು ಮುಂದಾದವರು, ಟೌನ್ ಹಾಲಿನಿಂದ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿರುವ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರು. ಆ ಕಥೆಯನ್ನೇ ಅಂದು ಅಳಿಯನಿಗೆ ಹೇಳಿದೆವು. ನಮ್ಮ ಓದುಗರ ಮನೆಗಳಲ್ಲೂ ಇಂಥ ಸೀಸೆಗಳು ಬಂದಿರಬಹುದಾದ್ದರಿಂದ ಇಲ್ಲಿಯೂ ಬರೆಯುತ್ತಿದ್ದೇವೆ.

1896ರ ಸೆಪ್ಟೆಂಬರ್ ತಿಂಗಳು. ಮಾಂಡವಿಯ ದಾಣೆ ಬಂದರಿನ ಸುತ್ತಲಿನ ಗೋದಾಮುಗಳಲ್ಲಿ ಇಲಿಗಳು ಸತ್ತು ಬೀಳುತ್ತಿದ್ದವು. ಅಲ್ಲಿನ ಚಾಳುಗಳಲ್ಲಿ ಜನರಿಗೆ ಜ್ವರ, ತೊಡೆಸಂದಿನಲ್ಲಿ ಕಂಕುಳಲ್ಲಿ ಗಡ್ಡೆ. ಇದು ಪ್ಲೇಗು ಎಂದು ಮೊದಲು ಗುರುತಿಸಿ ನಗರಸಭೆಗೆ ತಿಳಿಸಿದವರು ಗೋವೆಯ ಮೂಲದ ಡಾ. ಅಕಾಶಿಯೊ ಗೇಬ್ರಿಯಲ್ ವಿಯೇಗಸ್. ಧೋಬಿ ತಲಾವಿನಲ್ಲಿ ಮೆಟ್ರೋ ಚಿತ್ರಮಂದಿರದ ಎದುರು ನಿಂತಿರುವ ಪ್ರತಿಮೆ ಅವರದೇ. ದಿನವೂ ಅದರ ಪಕ್ಕದಲ್ಲಿ ಬಸ್ಸಿಗೆ ಕಾಯುವ ನಮ್ಮವರಲ್ಲಿ ಎಷ್ಟು ಮಂದಿ ಅತ್ತ ತಿರುಗಿ ನೋಡಿದ್ದಾರೋ ಕಾಣೆವು.

1891ರ ಗಣತಿಯಂತೆ ಮುಂಬಯಿಯ ಜನಸಂಖ್ಯೆ 8 ಲಕ್ಷ 21 ಸಾವಿರ. ಪ್ಲೇಗು ಹಬ್ಬಿದ ಕೆಲವೇ ತಿಂಗಳಲ್ಲಿ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಊರು ಬಿಟ್ಟಿತು. ರೈಲು ನಿಲ್ದಾಣಗಳಲ್ಲೂ ಬಂದರುಗಳಲ್ಲೂ ಪ್ರಯಾಣಿಕರನ್ನು ನಿಲ್ಲಿಸಿ ಮೈ ಮುಟ್ಟಿ ಪರೀಕ್ಷಿಸುತ್ತಿದ್ದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮನೆಗಳಿಗೆ ನುಗ್ಗಿ ಶೋಧಿಸುವ, ರೋಗಿಗಳನ್ನು ಎಳೆದೊಯ್ಯುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಆ ಕಾಲದಲ್ಲಿ ಆಸ್ಪತ್ರೆ ಎಂದರೆ ಸಾವಿನ ಮನೆ ಎಂಬ ಭೀತಿ. ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಗಿರಣಿ ಕಾರ್ಮಿಕರು ದಾಳಿಯನ್ನೇ ಮಾಡಿದರು.

ಇಂಥ ಹೊತ್ತಿನಲ್ಲಿ, 1896ರ ಅಕ್ಟೋಬರಿನಲ್ಲಿ, ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಕಲ್ಕತ್ತೆಯಿಂದ ಮುಂಬಯಿಗೆ ಬಂದರು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವರು. ಕಾಲರಾ ಲಸಿಕೆಯನ್ನು ತಯಾರಿಸಿ 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡಿದ್ದವರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು.

ಅವರ ವಿಧಾನವನ್ನು ಕೇಳಿದರೆ ನಮ್ಮ ಗೃಹಿಣಿಯರು ನಕ್ಕಾರು. ಮಾಂಸದ ಸಾರಿನ ಮೇಲೆ ತುಪ್ಪದ ಇಲ್ಲವೆ ಕೊಬ್ಬರಿ ಎಣ್ಣೆಯ ಹನಿಗಳನ್ನು ತೇಲಿಸಿ ಅದರಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬಿತ್ತುವುದು. ಆ ಹನಿಗಳಿಗೆ ಜೋತುಬಿದ್ದು ಕ್ರಿಮಿಗಳು ಬಿಳಲುಗಳಂತೆ ಕೆಳಗಿಳಿದು ಬೆಳೆಯುತ್ತಿದ್ದವು. ಕೆಲವು ವಾರಗಳ ಮೇಲೆ ಆ ಸಾರನ್ನು ಕಾಯಿಸಿ ಕ್ರಿಮಿಗಳನ್ನು ಕೊಂದು, ಕೆಡದಿರಲೆಂದು ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಸತ್ತ ಕ್ರಿಮಿಯನ್ನು ಕಂಡ ದೇಹ ಬದುಕಿರುವ ಕ್ರಿಮಿಯನ್ನು ಎದುರಿಸಲು ಮೊದಲೇ ಸಜ್ಜಾಗುತ್ತದೆ ಎಂಬುದು ತತ್ತ್ವ. ಮೊಲಗಳ ಮೇಲೆ ಪರೀಕ್ಷಿಸಿದರು. 1897ರ ಜನವರಿ 10ರಂದು ತಮ್ಮ ಮೈಗೇ ಚುಚ್ಚಿಸಿಕೊಂಡರು, ಅದೂ ಮುಂದೆ ಇತರರಿಗೆ ಕೊಟ್ಟ ಪ್ರಮಾಣಕ್ಕಿಂತ ಹೆಚ್ಚಾಗಿ. ಜ್ವರ ಬಂತು, ನೋವಾಯಿತು, ಬದುಕಿದರು.

ಆದರೆ ಒಬ್ಬ ಬದುಕಿದ್ದರಿಂದ ಏನು ಸಿದ್ಧವಾಯಿತು? ಸೂಜಿ ಕೂಡಲೇ ಕೊಲ್ಲುವುದಿಲ್ಲ ಎಂಬುದಿಷ್ಟೇ. ರೋಗ ತಡೆಯುತ್ತದೆ ಎಂಬುದಕ್ಕೆ ಅದು ಸಾಕ್ಷ್ಯವಲ್ಲ. ಸಾಕ್ಷ್ಯಕ್ಕೆ ಹೋಲಿಕೆ ಬೇಕು. ಆ ತಿಂಗಳ ಕೊನೆಗೆ ಬೈಕಲಾದ ಸೆರೆಮನೆಗೆ ಪ್ಲೇಗು ನುಗ್ಗಿತು. ಜನವರಿ 30ರಂದು ಅಲ್ಲಿನ ಮುನ್ನೂರಕ್ಕೂ ಮಿಕ್ಕ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿ ಮುಂದೆ ಬಂದು ಚುಚ್ಚಿಸಿಕೊಂಡರು. (ಸೆರೆಯಲ್ಲಿರುವವನ 'ತಾವಾಗಿ' ಎಂಬುದಕ್ಕೆ ಎಷ್ಟು ಅರ್ಥ ಎಂದು ಇಂದಿನವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.) ಇಬ್ಬರಿಗೂ ಒಂದೇ ಗೋಡೆ, ಒಂದೇ ಊಟ, ಒಂದೇ ಗಾಳಿ. ಮುಂದಿನ ದಿನಗಳಲ್ಲಿ ಚುಚ್ಚಿಸಿಕೊಳ್ಳದವರಲ್ಲಿ ಹನ್ನೆರಡು ಮಂದಿಗೆ ರೋಗ ತಗಲಿತು, ಅವರಲ್ಲಿ ಅರ್ಧ ಜನ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ರೋಗ ತಗಲಿದರೂ ಇಬ್ಬರೂ ಉಳಿದರು. ಆದರೆ ಸೂಜಿ ಹಾಕಿದ ದಿನವೇ ರೋಗದ ಲಕ್ಷಣ ತೋರಿ ಸತ್ತವರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದರು ಎಂಬುದನ್ನೂ ಹೇಳಬೇಕು. ಹೊರಗಿಟ್ಟದ್ದಕ್ಕೆ ಕಾರಣವಿತ್ತು, ರೋಗ ಮೊದಲೇ ಒಳಹೊಕ್ಕಿತ್ತು. ಆದರೂ ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂದು ಕೇಳುವುದು ಓದುವವನ ಕರ್ತವ್ಯ.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಮದ್ದೂ ಮುಂಬಯಿಗೆ ಬಂದಿತ್ತು. ಪ್ಲೇಗಿನ ಕ್ರಿಮಿಯನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದ ಯೆರ್ಸಿನ್ 1897ರಲ್ಲಿ ತಮ್ಮ ಸೀರಮ್ಮಿನೊಂದಿಗೆ ಇಲ್ಲಿಗೆ ಬಂದರು. ಕುದುರೆಗೆ ಕ್ರಿಮಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ರಕ್ಷಕ ದ್ರವ್ಯವನ್ನು ರೋಗಿಗೆ ಕೊಡುವ ಉಪಾಯವದು. ದೊಡ್ಡ ಹೆಸರು, ದೊಡ್ಡ ನಿರೀಕ್ಷೆ, ಫಲ ಮಾತ್ರ ಅಲ್ಪ. ಅನಂತರ ಇಟಲಿಯ ಲುಸ್ಟಿಗ್ ಅವರ ಸೀರಮ್ಮನ್ನು ಆರ್ಥರ್ ರೋಡ್ ಆಸ್ಪತ್ರೆಯಲ್ಲಿ ಪರೀಕ್ಷಿಸಿದರು. ಅಲ್ಲಿ ಪಾರ್ಸಿ ವೈದ್ಯ ಡಾ. ಎನ್. ಎಚ್. ಚೋಕ್ಸಿ ಅವರು ಒಂದು ಸರಳ ಕ್ರಮವನ್ನು ಅನುಸರಿಸಿದರು: ಬಂದ ರೋಗಿಗಳಲ್ಲಿ ಒಬ್ಬರಿಗೆ ಸೀರಮ್, ಮರುಬಂದವರಿಗೆ ಮಾಮೂಲಿ ಚಿಕಿತ್ಸೆ, ಹೀಗೆ ಒಬ್ಬರನ್ನು ಬಿಟ್ಟು ಒಬ್ಬರಿಗೆ. ಬದುಕುವ ಲಕ್ಷಣವಿದ್ದವರನ್ನೇ ವೈದ್ಯ ಆರಿಸಿಕೊಂಡು 'ನನ್ನ ಮದ್ದಿನಿಂದ ಉಳಿದ' ಎನ್ನಲು ಇದರಲ್ಲಿ ಅವಕಾಶ ಕಡಿಮೆ. ಇಂದು ಲೋಕವೆಲ್ಲ ಒಪ್ಪಿರುವ ಔಷಧ ಪರೀಕ್ಷೆಯ ಕ್ರಮಕ್ಕೆ ನಮ್ಮ ಮುಂಬಯಿಯ ಒಂದು ಸಾಂಕ್ರಾಮಿಕ ರೋಗದ ಆಸ್ಪತ್ರೆಯೂ ಕಲ್ಲು ಹೊತ್ತಿದೆ ಎಂಬುದು ನಾವು ಹೆಮ್ಮೆಪಡಬೇಕಾದ ಮಾತು.

ಈಗ ಹುಬ್ಬಳ್ಳಿಗೆ ಬರೋಣ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಫೋರ್ಟಿನ ಸಚಿವಾಲಯದಲ್ಲಿ ಹೊರಟ ಹುಕುಂ ಹುಬ್ಬಳ್ಳಿಯ ಓಣಿಯಲ್ಲಿ ಜಾರಿಯಾಗುತ್ತಿತ್ತು. ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ, ಹತ್ತಿಯ ಪೇಟೆ, ಹತ್ತಿರ ಹತ್ತಿರ ಐವತ್ತು ಸಾವಿರ ಜನ. 1898ರಲ್ಲಿ ಅಲ್ಲಿ ಪ್ಲೇಗು ಬಿರುಸಾಯಿತು. ಸೇನಾ ವೈದ್ಯ ಲ್ಯೂಮನ್ ಮೇ ತಿಂಗಳಲ್ಲಿ ಸೂಜಿ ಹಾಕಲು ತೊಡಗಿ ಸೆಪ್ಟೆಂಬರಿನ ವೇಳೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮುಟ್ಟಿದರು. ಅನೇಕರು ಎರಡು ಸಲ ಹಾಕಿಸಿಕೊಂಡರು. ಒಂದು ಊರಿಗೆ ಊರೇ ಹೀಗೆ ತೋಳೊಡ್ಡಿದ್ದು ಆ ಕಾಲದಲ್ಲಿ ಅಪರೂಪ. ಇದೆಲ್ಲ ಬರಿಯ ನಂಬಿಕೆಯಿಂದಲೇ ಆಯಿತೆಂದು ಹೇಳುವಂತಿಲ್ಲ. ಚುಚ್ಚಿಸಿಕೊಂಡ ಚೀಟಿ ಇದ್ದವರಿಗೆ ಪ್ರಯಾಣದಲ್ಲೂ ಶಿಬಿರವಾಸದಲ್ಲೂ ವಿನಾಯಿತಿ ದೊರೆಯುತ್ತಿತ್ತು. ಮನೆ ಮಠ ಬಿಟ್ಟು ಜೋಪಡಿಯಲ್ಲಿ ಮಲಗುವುದಕ್ಕಿಂತ ಒಂದು ಸೂಜಿಯ ನೋವು ಮೇಲೆಂದು ಎಷ್ಟೋ ಮಂದಿ ಎಣಿಸಿರಬೇಕು.

ಲ್ಯೂಮನ್ ವಾರವಾರಕ್ಕೂ ಲೆಕ್ಕವಿಟ್ಟರು: ಚುಚ್ಚಿಸಿಕೊಂಡವರಲ್ಲಿ ಸತ್ತವರೆಷ್ಟು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು. ಅಂತರ ಕಣ್ಣು ಕುಕ್ಕುವಂತಿತ್ತು. ಹುಬ್ಬಳ್ಳಿಯ ಹೆಸರು ಲಂಡನ್ನಿನ ವೈದ್ಯಕೀಯ ಪತ್ರಿಕೆಗಳವರೆಗೂ ಹೋಯಿತು. ಆದರೆ 1898-99ರಲ್ಲಿ ದೇಶದಲ್ಲಿ ಸಂಚರಿಸಿದ, ಪ್ರೊಫೆಸರ್ ಫ್ರೇಸರ್ ಅಧ್ಯಕ್ಷತೆಯ ಪ್ಲೇಗ್ ಕಮಿಷನ್ ಇಂಥ ಲೆಕ್ಕಗಳನ್ನು ಹಾಗೆಯೇ ನುಂಗಲಿಲ್ಲ. ಏಕೆ? ಸಾಮಾನ್ಯ ಬುದ್ಧಿಯ ಮಾತೇ. ಊರಿನಲ್ಲಿ ಹೆಚ್ಚು ಹೆಚ್ಚು ಜನ ಚುಚ್ಚಿಸಿಕೊಂಡಂತೆ ಉಳಿದವರು ಯಾರು? ಹಾಸಿಗೆ ಹಿಡಿದವರು, ರೋಗ ಆಗಲೇ ಒಳಹೊಕ್ಕವರು, ಅಧಿಕಾರಿಗಳಿಂದ ಅಡಗಿದವರು, ನಿನ್ನೆ ಬೇರೆ ಊರಿಂದ ಓಡಿ ಬಂದವರು. ಆ ಸಣ್ಣ ಗುಂಪಿನಲ್ಲಿ ಸಾವು ಹೆಚ್ಚಿರುವುದು ಸಹಜವೇ. ಇನ್ನೊಂದು ಕಡೆ, ಸತ್ತವರನ್ನು ಎಣಿಸಬಹುದು, ಬದುಕಿರುವವರನ್ನು ಎಣಿಸುವುದು ಹೇಗೆ? ಊರು ಬಿಟ್ಟವರೆಷ್ಟು, ಬಂದವರೆಷ್ಟು ಯಾರಿಗೆ ಗೊತ್ತು? ಭಾಗಿಸುವ ಸಂಖ್ಯೆಯೇ ಅಂದಾಜಾದಾಗ ಭಾಗಲಬ್ಧವನ್ನು ನಂಬುವುದೆಂತು?

ಹಾಗೆಂದು ಸೂಜಿ ಸುಳ್ಳೇ? ಅಲ್ಲ. ಇದಕ್ಕೆ ಉತ್ತರ ಬಡೋದೆಯ ಹತ್ತಿರದ ಉಂಢೇರಾ ಎಂಬ ಸಣ್ಣ ಹಳ್ಳಿಯಿಂದ ಬಂತು. 1898ರ ಫೆಬ್ರವರಿಯಲ್ಲಿ ಹಾಫ್‌ಕಿನ್ ಅಲ್ಲಿ ಪ್ರತಿ ಮನೆಯವರನ್ನೂ ಸಾಲಾಗಿ ನಿಲ್ಲಿಸಿ ಅರ್ಧ ಮಂದಿಗೆ ಚುಚ್ಚಿ ಅರ್ಧ ಮಂದಿಯನ್ನು ಬಿಟ್ಟರು. ಅನಂತರ ಪ್ಲೇಗು 28 ಮನೆಗಳಿಗೆ ಹೊಕ್ಕಿತು. ಆ ಮನೆಗಳಲ್ಲಿ ಚುಚ್ಚಿಸಿಕೊಂಡವರು 71, ರೋಗ ತಗಲಿದ್ದು 8 ಮಂದಿಗೆ, ಸತ್ತವರು 3. ಚುಚ್ಚಿಸಿಕೊಳ್ಳದವರು 64, ರೋಗ ತಗಲಿದ್ದು 27 ಮಂದಿಗೆ, ಸತ್ತವರು 26. ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ಉಂಡವರ ಹೋಲಿಕೆ ಇದು. ಹುಬ್ಬಳ್ಳಿಯ ಮೂವತ್ತು ಸಾವಿರ ತೋಳುಗಳಿಗಿಂತ ಉಂಢೇರಾದ ನೂರ ಮೂವತ್ತೈದು ಜನರ ಲೆಕ್ಕಕ್ಕೆ ತೂಕ ಹೆಚ್ಚು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸಾಕ್ಷ್ಯ ದೊಡ್ಡದಾಗುವುದಿಲ್ಲ. ಕಮಿಷನ್ ಕೊನೆಗೆ ಹೇಳಿದ್ದೂ ಅಳತೆಯ ಮಾತನ್ನೇ: ಲಸಿಕೆ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆ, ಆದರೆ ಪೂರ್ಣ ರಕ್ಷೆಯಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ರೈಲು ಹತ್ತಿ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಇಳಿದಿತ್ತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೂ, ಊರೂರಿನಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದದ್ದೂ ಆ ಕಾಲದ ನೆನಪುಗಳೇ. 1899ರ ಆಗಸ್ಟ್ 10ರಂದು ಹಾಫ್‌ಕಿನ್‌ರ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು. ಬೇಡಿಕೆ ಏರುತ್ತಲೇ ಇತ್ತು. ಹೆಚ್ಚು ಬೇಗ ಹೆಚ್ಚು ಲಸಿಕೆ ತಯಾರಿಸಲೆಂದು ಸಾರಿನ ಬದಲು ಅಗರ್ ಬಳಸುವ ಹೊಸ ವಿಧಾನ ಬಂತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟರು.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಸೂಜಿ ಹಾಕಿದರು. ಬಳಸಿದ್ದು ಐದು ಸೀಸೆ. ಒಂದು ವಾರ ಕಳೆಯುವ ಹೊತ್ತಿಗೆ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿಗೆ ಧನುರ್ವಾಯು ಹಿಡಿಯಿತು. ಹತ್ತೊಂಬತ್ತು ಮಂದಿಯೂ ಸತ್ತರು. ಉಳಿದ 88 ಮಂದಿಗೆ ಏನೂ ಆಗಲಿಲ್ಲ.

ವಿಚಾರಣೆಗೆ ಆಯೋಗ ಕುಳಿತಿತು. ಅಧ್ಯಕ್ಷರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್. ಕ್ರಿಮಿ ಸೀಸೆಯೊಳಗೆ ಹೊಕ್ಕಿದ್ದು ಹಳ್ಳಿಯಲ್ಲಲ್ಲ, ಸೀಸೆ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲಿ ಎಂದು ಆಯೋಗ ತೀರ್ಮಾನಿಸಿತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದೂ ಆಕ್ಷೇಪಕ್ಕೆ ಗುರಿಯಾಯಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು 1904ರಲ್ಲಿ ದೇಶ ಬಿಟ್ಟರು.

ಆದರೆ ಸಾಕ್ಷ್ಯದಲ್ಲೇ ಬೇರೆಯ ಸಂಗತಿಯೂ ಇತ್ತು. ಸೀಸೆಯ ಬಿರಡೆ ತೆಗೆಯುವ ಇಕ್ಕಳ ಆ ದಿನ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಮದ್ದುನೀರಿನಲ್ಲಿ ಅದ್ದಿ ಬಳಸಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದೇ ಮಣ್ಣಿನಲ್ಲಿ. ಸೀಸೆ ತುಂಬಿ ಆಗಲೇ 41 ದಿನ ಕಳೆದಿತ್ತು. ಅಷ್ಟು ಕಾಲ ಕ್ರಿಮಿ ಒಳಗೇ ಬೆಳೆದಿದ್ದರೆ ತೆರೆದಾಗ ದುರ್ಗಂಧ ಹೊಡೆಯಬೇಕಿತ್ತು. ತೆರೆದ ವೈದ್ಯ ಮೂಸಿ ನೋಡಿದ್ದರು, ವಾಸನೆ ಇರಲಿಲ್ಲ. ವಿಷ ಮೊದಲೇ ತುಂಬಿದ್ದರೆ ರೋಗ ತೋರಲು ವಾರ ಬೇಕಿರಲಿಲ್ಲ. ಮಲೇರಿಯಾದ ಗುಟ್ಟನ್ನು ಬಿಡಿಸಿದ ರೊನಾಲ್ಡ್ ರಾಸ್ ಮೊದಲಾದ ಹತ್ತು ವಿಜ್ಞಾನಿಗಳು 1907ರ ಜುಲೈಯಲ್ಲಿ ಲಂಡನ್ನಿನ ಪತ್ರಿಕೆಗೆ ಪತ್ರ ಬರೆದು ಹಾಫ್‌ಕಿನ್‌ರ ಪರ ನಿಂತರು. ಆ ವರ್ಷದ ಕೊನೆಗೆ ಅವರು ನಿರ್ದೋಷಿ ಎಂದಾಯಿತು. ಕಲ್ಕತ್ತೆಗೆ ಮರಳಿದರೂ ಮೊದಲಿನ ಅಧಿಕಾರ, ಉತ್ಸಾಹ ಎರಡೂ ಮರಳಲಿಲ್ಲ. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಅದಕ್ಕೂ ಐದು ವರ್ಷ ಮೊದಲು, 1925ರಲ್ಲಿ, ಪರೇಲಿನ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟಿದ್ದರು. 1897ರಿಂದ ಆ ವರ್ಷದವರೆಗೆ ಅಲ್ಲಿಂದ ಹೊರಟ ಪ್ಲೇಗ್ ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಡೋಸು.

ತಪ್ಪು ಪರೇಲಿನದೇ, ಇಕ್ಕಳದ್ದೇ ಎಂಬ ವಾದ ಒತ್ತಟ್ಟಿಗಿರಲಿ. ಆ ಹತ್ತೊಂಬತ್ತು ಮಂದಿಯನ್ನು ಕೊಂದದ್ದು ಲಸಿಕೆಯ ತತ್ತ್ವವಲ್ಲ, ಸೀಸೆಯೊಳಗೆ ಹೊಕ್ಕ ಹೊಲಸು. ಮದ್ದು ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಈ ಸೀಸೆಯಲ್ಲಿರುವುದು ಆ ಮದ್ದೇ, ಶುದ್ಧವೇ ಎಂಬುದು ಬೇರೆಯೇ ಪ್ರಶ್ನೆ. ಅಷ್ಟು ಹೆಸರಾದ ಪ್ರಯೋಗಶಾಲೆಯ, ಸಂಖ್ಯೆ ಹಾಕಿದ, ತುಂಬಿದ ದಿನ ಬರೆದಿಟ್ಟ ಸೀಸೆಯಲ್ಲೇ ಹೀಗಾಯಿತು. ಆ ಬರಹ ಇದ್ದುದರಿಂದಲೇ ವಿಚಾರಣೆಯೂ ಸಾಧ್ಯವಾಯಿತು. ವಿಳಾಸವೇ ಇಲ್ಲದ ಸೀಸೆಯ ಬಗ್ಗೆ ಯಾರನ್ನು ವಿಚಾರಿಸುವುದು?

ಇಷ್ಟು ಹೇಳಿ ಅಳಿಯನ ಸೀಸೆಗೆ ಬಂದೆವು. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಎಲ್‌ಎಲ್-37 ಎಂಬುದು 37 ಅಮೈನೋ ಆಮ್ಲಗಳ ಒಂದು ಸರಪಣಿ. ಆ ಸರಪಣಿಯ ಮೊದಲ ಎರಡು ಕೊಂಡಿಗಳೂ ಲ್ಯೂಸಿನ್, ಅದಕ್ಕೇ ಆ ಹೆಸರು. ನಮ್ಮ ಬಿಳಿಯ ರಕ್ತಕಣಗಳಲ್ಲೂ ಚರ್ಮದಲ್ಲೂ ಉಸಿರಿನ ದಾರಿಯ ಒಳಪೊರೆಯಲ್ಲೂ ಅದು ಹುಟ್ಟುತ್ತದೆ. ಕ್ರಿಮಿಗಳ ಹೊರಪೊರೆಯನ್ನು ಹರಿದು ಕೊಲ್ಲುತ್ತದೆ. 1990ರ ದಶಕದ ನಡುವಿನಲ್ಲಿ ಇದು ಬೆಳಕಿಗೆ ಬಂತು. 'ಡಿ' ಜೀವಸತ್ವ ಇದರ ಉತ್ಪತ್ತಿಗೆ ನೆರವಾಗುತ್ತದೆ ಎಂಬುದೂ ಗೊತ್ತಾಗಿದೆ.

ಆದರೆ ಮೈಯಲ್ಲಿರುವುದೆಲ್ಲ ಎಷ್ಟಿದ್ದರೂ ಹಿತವೇ? ಹೊಟ್ಟೆಯಲ್ಲಿರುವ ಆಮ್ಲ ಗಂಟಲಿಗೆ ಬಂದರೆ ಏನಾಗುತ್ತದೆಂದು ಎಲ್ಲರೂ ಬಲ್ಲೆವು. ಇದೇ ವಸ್ತು ದೇಹದ ಸ್ವಂತ ಡಿಎನ್‌ಎ ಜೊತೆ ಬೆಸೆದುಕೊಂಡು ಸೋರಿಯಾಸಿಸ್ ಎಂಬ ಚರ್ಮರೋಗದ ಉರಿಗೆ ತುಪ್ಪ ಸುರಿಯುತ್ತದೆ ಎಂದು 2007ರಲ್ಲಿ ಕಂಡುಬಂತು. ಮುಖ ಕೆಂಪಾಗುವ ರೊಸೇಶಿಯಾ ರೋಗದಲ್ಲೂ ಇದರ ಕೈವಾಡ ಗೊತ್ತಾಗಿದೆ.

ಇನ್ನು ಹುಣ್ಣಿನ ಮಾತು. ಸ್ವೀಡನ್ನಿನ ವಿಜ್ಞಾನಿಗಳು ಕಾಲಿನ ಸಿರೆಗಳ ದೋಷದಿಂದಾದ ಹುಣ್ಣಿದ್ದ 34 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಹುಣ್ಣಿನ ಮೇಲೆ ಹಚ್ಚಿದ್ದು, ಸೂಜಿಯಲ್ಲ. ಕಡಿಮೆ ಪ್ರಮಾಣ ಹಚ್ಚಿದವರ ಹುಣ್ಣು ಹುಸಿ ಮದ್ದು ಹಚ್ಚಿದವರದಕ್ಕಿಂತ ಬೇಗ ಮಾಗಿತು. ಅತಿ ಹೆಚ್ಚು ಪ್ರಮಾಣದಿಂದ ಮಾತ್ರ ಅಂಥ ಲಾಭ ಕಾಣಲಿಲ್ಲ. ಮುಂದೆ 148 ರೋಗಿಗಳ ದೊಡ್ಡ ಪರೀಕ್ಷೆಯ ಫಲ 2021ರಲ್ಲಿ ಹೊರಬಂತು. ಒಟ್ಟಾರೆ ನೋಡಿದರೆ ಹುಸಿ ಮದ್ದಿಗೂ ಇದಕ್ಕೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಹುಣ್ಣುಳ್ಳವರಲ್ಲಿ ಮಾತ್ರ ಕೊಂಚ ಆಸೆ ಹುಟ್ಟಿಸುವ ಸೂಚನೆ ಇತ್ತು, ಅದೂ ಆಮೇಲೆ ಆರಿಸಿ ನೋಡಿದ ಲೆಕ್ಕ. ಹುಬ್ಬಳ್ಳಿಯ ಪಾಠ ಬಲ್ಲವರು ಆರಿಸಿ ನೋಡಿದ ಲೆಕ್ಕವನ್ನು ಎಚ್ಚರದಿಂದ ಓದುತ್ತಾರೆ. 2023ರಲ್ಲಿ ಅಮೆರಿಕದ ಔಷಧ ಇಲಾಖೆ, ಔಷಧಾಲಯಗಳು ತಾವೇ ಬೆರೆಸಿ ಕೊಡುವ ವಸ್ತುಗಳ ಪೈಕಿ ಸುರಕ್ಷತೆಯ ಶಂಕೆಯುಳ್ಳವುಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು.

"ಹಾಗಾದರೆ ಇದು ಮೋಸವೇ ಮಾವ?" ಎಂದ ಅಳಿಯ.

ಮೋಸವೆಂದು ನಾವು ಹೇಳಲಿಲ್ಲ. ಈ ವಸ್ತು ಇನ್ನೂ ಬೈಕಲಾದ ಸೆರೆಮನೆಯ ಹಂತವನ್ನೇ ಪೂರ್ತಿ ದಾಟಿಲ್ಲ, ಅವನ ಕೈಯಲ್ಲಿದ್ದ ಸೀಸೆಯಂತೂ ಮುಲ್ಕೋವಾಲಿನ ಸೀಸೆಗಿಂತಲೂ ಅಜ್ಞಾತ ಎಂದೆವು. ನಾಳೆ ಇದರಿಂದ ಒಳ್ಳೆಯ ಔಷಧ ಹುಟ್ಟಬಹುದು. ಹುಟ್ಟಿದರೆ ಸಂತೋಷ. ಪ್ಲೇಗಿನ ಲಸಿಕೆಯೂ ಮೊದಲು ಶಂಕೆಗೆ ಗುರಿಯಾಗಿ, ಪರೀಕ್ಷೆಯ ಒಲೆಯಲ್ಲಿ ಬೆಂದೇ ಜನರ ಕೈ ಸೇರಿದ್ದು. ಶಂಕಿಸಿದವರೂ ಅದರ ಹಿತೈಷಿಗಳೇ.

ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮನಿಗೆ ಏನು ಹೇಳಲಿ? ನಾನು ಏನಾದರೂ ಮಾಡುತ್ತೇನೆಂದು ನಂಬಿ ಕೂತಿದ್ದಾಳೆ" ಎಂದ. ಅದಕ್ಕೆ ಇತಿಹಾಸದಲ್ಲಿ ಉತ್ತರವಿರಲಿಲ್ಲ. ಮರುದಿನ ಇಬ್ಬರೂ ಸೇರಿ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆಯ ಹತೋಟಿ, ದಿನಕ್ಕೊಮ್ಮೆ ಹುಣ್ಣು ತೊಳೆದು ಕಟ್ಟುವುದು, ಪಾದಕ್ಕೆ ಭಾರ ಬೀಳದಂತೆ ಬೇರೆ ಚಪ್ಪಲಿ, ಹೀಗೆ ಹಳೆಯ ಮಾತುಗಳನ್ನೇ ವೈದ್ಯರು ಹೇಳಿದರು. ಹುಣ್ಣು ಇನ್ನೂ ಪೂರ್ತಿ ಮಾಗಿಲ್ಲ. ಅಂಚು ಒಳಸರಿಯುತ್ತಿದೆ ಎನ್ನುತ್ತಾಳೆ ತಂಗಿ. ದಿನವೂ ಕಟ್ಟು ಬಿಚ್ಚಿ ಕಟ್ಟುವವನು ಮಗನೇ.

ಸೀಸೆ ನಮ್ಮ ಮೇಜಿನ ಖಾನೆಯಲ್ಲಿದೆ. ಬಿರಡೆ ತೆಗೆದಿಲ್ಲ.